ಕಾಪುವಿನ ದೀಪಸ್ತಂಭ

ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ, ರೈಲುದಾರಿಯ ಸಮೀಪದಲ್ಲಿ, ದೇವರಗುಡ್ಡವೆಂಬ ಊರಿರುವುದು. 1997ರ ವರೆಗೆ ಈ ಭಾಗವೆಲ್ಲ ಧಾರವಾಡ ಜಿಲ್ಲೆಗೇ ಸೇರಿತ್ತು. ಸುತ್ತಲೂ ಜೋಳ, ಹತ್ತಿ, ಮೆಣಸಿನಕಾಯಿಗಳ ಹೊಲ, ನಡುವೆ ಗುಡ್ಡ, ಗುಡ್ಡದಲ್ಲಿ ಮಾಲತೇಶ ದೇವರು. ಮೈಲಾರಲಿಂಗನ ಒಕ್ಕಲಿನವರಿಗೆ ಇದು ದೊಡ್ಡ ಕ್ಷೇತ್ರ. ಪ್ರತಿ ವರ್ಷ ದಸರೆಯ ಹಬ್ಬದಲ್ಲಿ ಇಲ್ಲಿ ಕಾರ್ಣಿಕವಾಗುವುದು. ಉಪವಾಸವಿದ್ದ ಗೊರವಪ್ಪನು ಎತ್ತರವಾದ ಬಿಲ್ಲನ್ನೇರಿ, "ಸದ್ದಲೇ" ಎಂದೊಡನೆ ನೆರೆದ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುವರು. ಆತನು ಒಂದೇ ಒಂದು ಮಾತನ್ನು ನುಡಿದು ಕೆಳಕ್ಕೆ ಬೀಳುವನು. ಜನರು ಆತನನ್ನು ಕೈಯಲ್ಲಿ ಹಿಡಿದುಕೊಳ್ಳುವರು. ಆ ಒಂದು ಮಾತಿಗೆ ಮಳೆಯೇನು, ಬೆಳೆಯೇನು, ರಾಜ್ಯಭಾರವೇನು, ಹತ್ತಾರು ಅರ್ಥಗಳು ಹುಟ್ಟುವುವು. ಆದರೆ ಒಕ್ಕಲಿಗನು ಅದರಲ್ಲಿ ಮೊದಲು ಹುಡುಕುವ ಅರ್ಥವು ಮಳೆಯದೇ ಎಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇಂಥ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕಡಲೆಂಬುದು ಚಿತ್ರದಲ್ಲಿ ಕಂಡ ವಸ್ತು. ನಮ್ಮ ದೊಡ್ಡಪ್ಪನವರಂತೂ ಎಪ್ಪತ್ತು ದಾಟಿದವರಾದರೂ ಒಮ್ಮೆಯೂ ಅದನ್ನು ನೋಡಿದವರಲ್ಲ. 2023ರಲ್ಲಿ ಮಳೆಯು ಕೈಕೊಟ್ಟು, ನಾಡಿನ ಬಹುತೇಕ ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಿದಾಗ, ಅವರ ಮೆಕ್ಕೆಜೋಳವು ತೆನೆಗಟ್ಟುವ ಮೊದಲೇ ಒಣಗಿಹೋಗಿತ್ತು. ಅಂದಿನಿಂದ ಅವರಿಗೆ ಒಂದು ಹಂಬಲ ಹತ್ತಿತು. "ಮಳಿ ಹುಟ್ಟೂ ಜಾಗಾ ಒಮ್ಮೆ ಕಣ್ಣಿಲೆ ನೋಡಬೇಕ್ರೋ" ಎಂದು ಅವರು ಹೇಳುತ್ತಿದ್ದರು. ಮಕ್ಕಳಿಗೆ ದೀಪಸ್ತಂಭವನ್ನು ಏರಬೇಕೆಂಬ ಆಸೆ. ದೊಡ್ಡವ್ವನವರಿಗೆ ಉಡುಪಿಯ ಕೃಷ್ಣನ ದರ್ಶನದ ಆಸೆ. ಈ ಮೂರು ಆಸೆಗಳೂ ಒಂದೇ ದಾರಿಯಲ್ಲಿ ಕೈಗೂಡುವಂತಿದ್ದುದರಿಂದ, ಒಂದು ಮಾರ್ಗಶಿರ ಮಾಸದಲ್ಲಿ, ಸುಗ್ಗಿಯ ಕೆಲಸಗಳು ಒಂದಿಷ್ಟು ಹಗುರಾದೊಡನೆ, ನಾವು ಎಂಟು ಜನ ಮೋಟಾರು ಗಾಡಿಯನ್ನು ಗೊತ್ತುಮಾಡಿಕೊಂಡು ಹೊರಟೆವು.

ರಾಣೇಬೆನ್ನೂರಿನಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆಗಳ ಮೇಲೆ ಉಡುಪಿಗೆ ಹೋಗುವ ದಾರಿಯನ್ನು ನಾವು ಹಿಡಿದೆವು. ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿದೆವು. ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ತುಂಗೆ ಭದ್ರೆಗಳು ಒಂದಾಗುವುವು. ಅಲ್ಲಿಂದ ಮುಂದೆ ತೀರ್ಥಹಳ್ಳಿಯವರೆಗೂ ತುಂಗೆಯದೇ ನೆರೆಹೊರೆ. ಬಯಲು ಕಳೆದು ತೋಟ, ತೋಟ ಕಳೆದು ಕಾಡು, ಹೀಗೆ ನೆಲದ ಬಣ್ಣವೇ ತಾಸು ತಾಸಿಗೂ ಬದಲಾಗುತ್ತ ಬರುವುದು. ನಮ್ಮ ಸೀಮೆಯ ಕರಿಮಣ್ಣನ್ನೇ ಕಂಡ ಮಕ್ಕಳು, ಕೆಂಪು ಧರೆಯ ಮೇಲೆ ಹಸುರು ಪಾಚಿ ಬೆಳೆದಿರುವುದನ್ನು ನೋಡಿ ಬೆರಗಾದರು.

ಆಗುಂಬೆಯಲ್ಲಿ ಗಾಡಿಯನ್ನು ನಿಲ್ಲಿಸಿ ಇಳಿದೆವು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸ್ಥಳವಿದು. ನಮ್ಮ ರಾಣೇಬೆನ್ನೂರಿನ ಕಡೆಗೆ ಒಳ್ಳೆಯ ವರ್ಷದಲ್ಲಿಯೂ 600 ಮಿಲಿಮೀಟರಿನ ಸುಮಾರಿಗೆ ಬಂದರೆ ನಾವು ಸಂತುಷ್ಟರು. ಎರಡು ಊರುಗಳ ನಡುವೆ ಒಂದು ದಿನದ ದಾರಿಯೂ ಇಲ್ಲ. ಮಳೆಯಲ್ಲಿ ಮಾತ್ರ ಹತ್ತಕ್ಕೂ ಹೆಚ್ಚು ಪಟ್ಟು ಅಂತರ! ದೊಡ್ಡಪ್ಪನವರು ಈ ಲೆಕ್ಕವನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಇದರ ಕಾರಣವನ್ನು ಮಕ್ಕಳ ಪಾಠದ ಪುಸ್ತಕವೇ ಹೇಳುವುದು. ಜೂನ್ ತಿಂಗಳ ಮೊದಲ ವಾರದಲ್ಲಿ ನೈಋತ್ಯದ ಗಾಳಿಯು ಅರಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಕರ್ನಾಟಕದ ತೀರವನ್ನು ಮುಟ್ಟುವುದು. ಘಟ್ಟಗಳ ಗೋಡೆಯು ಅಡ್ಡವಾದಾಗ ಗಾಳಿಗೆ ಮೇಲೇರದೆ ಗತ್ಯಂತರವಿಲ್ಲ. ಏರಿದ ಗಾಳಿಯು ತಣಿಯುವುದು. ತಣಿದೊಡನೆ ಆವಿಯು ಹನಿಯಾಗಿ ಅಲ್ಲಿಯೇ ಸುರಿದುಬಿಡುವುದು. ಗೋಡೆಯ ಈಚೆಗೆ ಇಳಿಯುವ ಗಾಳಿಯಲ್ಲಿ ಉಳಿದಿರುವುದು ಅಲ್ಪಸ್ವಲ್ಪ. ಹಬ್ಬದ ಊಟದಲ್ಲಿ ಮೊದಲ ಪಂಕ್ತಿಯವರಿಗೆ ಹೋಳಿಗೆ ತುಪ್ಪ, ಕಡೆಯ ಪಂಕ್ತಿಯವರಿಗೆ ಅನ್ನ ಸಾರು ಎಂಬಂತೆ ನಮ್ಮ ಸ್ಥಿತಿ.

ಆದರೆ ಒಂದು ಸಮಾಧಾನವೂ ಇಲ್ಲಿಯೇ ಇದೆ. ಆಗುಂಬೆಯ ದಿಬ್ಬದಿಂದ ಪಶ್ಚಿಮಕ್ಕೆ ಹರಿದ ನೀರು ಸೀತಾನದಿಯ ಪಾಲಾಗಿ ಕಡಲಿಗೆ ಹೋಗುವುದು. ಪೂರ್ವಕ್ಕೆ ಹರಿದುದು ಮಾಲತಿ ಹೊಳೆಯಾಗಿ ತುಂಗೆಯನ್ನು ಸೇರುವುದು. ತುಂಗೆಯು ತುಂಗಭದ್ರೆಯಾಗಿ ನಮ್ಮ ತಾಲೂಕಿನ ಅಂಚನ್ನು ತೊಳೆಯುವುದು. ಗಾಜನೂರಿನ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಯೂ ಹಾವೇರಿ ಜಿಲ್ಲೆಗೆ ಇದೇ ನೀರನ್ನು ತರುವುದು. ಮಾಲತಿ ಎಂಬ ಹೆಸರನ್ನು ಕೇಳಿದೊಡನೆ ದೊಡ್ಡವ್ವನವರು ಕೈಮುಗಿದು, "ನಮ್ಮ ಮಾಲತೇಶನ ಹೊಳಿ ಅಂದಂಗಾತು" ಎಂದರು. ಹೆಸರುಗಳ ಸಾಮ್ಯವು ಕೇವಲ ಆಕಸ್ಮಿಕವೆಂದು ಹೇಳಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಹದಿನಾಲ್ಕು ತಿರುವುಗಳ ಘಟ್ಟವನ್ನಿಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿ, ರಾತ್ರಿ ಉಡುಪಿಯಲ್ಲಿ ತಂಗಿದೆವು. ಮರುದಿನ ಬೆಳಗ್ಗೆ ದೇವರ ದರ್ಶನ, ಭೋಜನಗಳು ಮುಗಿದುವು. ಉಡುಪಿಯ ವರ್ಣನೆಯನ್ನು ವಾಚಕರು ಅನೇಕ ಕಡೆ ಓದಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮಧ್ಯಾಹ್ನದ ಬಿಸಿಲು ಇಳಿಮುಖವಾದ ಮೇಲೆ ಕಾಪುವಿಗೆ ಹೊರಟೆವು.

ಕಾಪುವು ಉಡುಪಿಯ ದಕ್ಷಿಣಕ್ಕೆ, ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ, ಸುಮಾರು 13 ಕಿಲೋಮೀಟರು ದೂರದಲ್ಲಿದೆ. ತುಳುನಾಡಿನ ಜನರಿಗೆ ಈ ಊರೆಂದರೆ ಮೊದಲು ನೆನಪಾಗುವುದು ಮಾರಿಯಮ್ಮ. ಇಲ್ಲಿ ಒಂದಲ್ಲ, ಮೂರು ಮಾರಿಗುಡಿಗಳಿವೆ. ಸುಗ್ಗಿಯ ಮಾರಿಪೂಜೆಗೆ ದೂರದೂರದಿಂದ ಜನ ಸೇರುವರು. ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಎರಡೂ ಕಡೆಗೆ ತೆಂಗಿನ ತೋಟಗಳು, ಹಂಚಿನ ಮನೆಗಳು, ಬಲೆಗಳನ್ನು ಹರವಿದ ಅಂಗಳಗಳು. ಗಾಳಿಯಲ್ಲಿ ಉಪ್ಪಿನ ವಾಸನೆ ಬರತೊಡಗಿತು. ತೆಂಗಿನ ಮರಗಳ ಸಾಲು ಥಟ್ಟನೆ ಮುಗಿಯಿತು, ಎದುರಿಗೆ ಕಡಲು!

ಆ ಮೊದಲ ನೋಟವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಮಕ್ಕಳು ಕೂಗುತ್ತ ಓಡಿದರು. ದೊಡ್ಡಪ್ಪನವರು ಮಾತ್ರ ಮರಳಿನ ಅಂಚಿನಲ್ಲಿ ನಿಂತು, ರುಮಾಲನ್ನು ಸರಿಮಾಡಿಕೊಂಡು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊಲದ ಬದುವನ್ನು ನೋಡುವ ಹಾಗೆ ನೋಡಿದರು. ಬದುವೇ ಇಲ್ಲದ ಹೊಲವದು. ಕಡೆಗೆ, "ಏನ್ ನೀರಪ್ಪಾ! ಇಷ್ಟ ನೀರಿದ್ದೂ ನಮ್ಮ ಹೊಲಕ್ಕ ಒಂದ ಹದಮಳಿ ಕಳಿಸಾಕ ಆಗಲಿಲ್ಲೇನು?" ಎಂದರು. ಅದು ಸಿಟ್ಟಿನ ಮಾತೋ, ನಗೆಯ ಮಾತೋ ನಮಗೆ ತಿಳಿಯಲಿಲ್ಲ.

ದಂಡೆಯ ಮೇಲೆ, ನೀರಿನೊಳಕ್ಕೆ ಚಾಚಿಕೊಂಡಂತೆ, ಒಂದು ದೊಡ್ಡ ಕರಿಬಂಡೆಯಿದೆ. ಅದರ ನೆತ್ತಿಯ ಮೇಲೆ ದೀಪಸ್ತಂಭವು ನಿಂತಿದೆ. ಬಂಡೆಯ ಕಾಲಿಗೆ ಅಲೆಗಳು ಬಡಿದು ನೊರೆಯಾಗಿ ಚಿಮ್ಮುತ್ತಿರುವುವು. ಬಂಡೆಯನ್ನೇರಲು ಮೆಟ್ಟಿಲುಗಳಿವೆ. ನಮ್ಮ ಮಕ್ಕಳು ಮೆಟ್ಟಿಲನ್ನು ಬಿಟ್ಟು ಬಂಡೆಯ ಅಂಚಿಗೆ ಸಾಗುತ್ತಿದ್ದುದನ್ನು ಕಂಡು, ಬಲೆಯನ್ನು ಸರಿಮಾಡುತ್ತ ಕುಳಿತಿದ್ದ ಒಬ್ಬ ಮುದುಕರು ಎದ್ದು ನಿಂತು ಕೂಗಿದರು: "ಮಕ್ಕಳನ್ನು ಆ ಬದಿಗೆ ಬಿಡಬೇಡಿ ಮಾರಾಯ್ರೇ! ಪಾಚಿ ಉಂಟು, ಜಾರ್ತದೆ. ಈ ಕಡಲು ಹೊರಗಿನಿಂದ ನೋಡಿದ ಹಾಗೆ ಅಲ್ಲ."

ನಾವು ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ಆ ಹಿರಿಯರ ಬಳಿಗೆ ಹೋಗಿ ಉಪಕಾರವನ್ನು ಸ್ಮರಿಸಿದೆವು. "ಘಟ್ಟದ ಮೇಲಿನವರಾ?" ಎಂದು ಕೇಳಿ ಅವರು ನಕ್ಕರು. ದೊಡ್ಡಪ್ಪನವರು ಅವರ ಪಕ್ಕದಲ್ಲಿಯೇ ಮರಳಿನ ಮೇಲೆ ಕುಳಿತುಬಿಟ್ಟರು. ಒಬ್ಬರದು ರಾಣೇಬೆನ್ನೂರಿನ ಮಾತು, ಇನ್ನೊಬ್ಬರದು ತುಳುವಿನ ಧಾಟಿಯ ಪುಸ್ತಕದ ಕನ್ನಡ. ಆದರೂ ಇಬ್ಬರು ಹಿರಿಯರ ಮಾತು ಎಲ್ಲಿಯೂ ತಡೆಯಲಿಲ್ಲ.

ಆ ಮಾತಿನಿಂದ ನಮಗೆ ತಿಳಿದ ಸಂಗತಿಗಳು ಕೆಲವು. ಹಿಂದೆ ಈ ದಂಡೆಗಳಲ್ಲಿ ರಂಪಣಿಯೆಂಬ ಬಹು ಉದ್ದವಾದ ಬಲೆಯನ್ನು ದೋಣಿಯಿಂದ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ಹಲವು ಜನ ಸೇರಿ ದಡಕ್ಕೆ ಎಳೆಯುತ್ತಿದ್ದರಂತೆ; ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಯಂತ್ರದ ದೋಣಿಗಳೂ ಹೊಸ ಬಗೆಯ ಬಲೆಗಳೂ ಬಂದ ಮೇಲೆ, 1970ರ ದಶಕದಿಂದೀಚೆಗೆ ಆ ದೊಡ್ಡ ಬಲೆಯ ವೈಭವವು ಕುಂದಿತು. ಕೈರಂಪಣಿಯೆಂಬ ಸಣ್ಣ ಬಲೆಯು ಮಾತ್ರ ಅಲ್ಲಲ್ಲಿ ಉಳಿದಿದೆ. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂದು ಸರಕಾರದ ಕಟ್ಟಳೆಯಿದೆ. ಮೀನುಗಳು ಮರಿಯಿಡುವ ಕಾಲವದು. ಕಡಲು ರೌದ್ರವಾಗಿರುವ ಕಾಲವೂ ಅದೇ. "ಮಳೆ ಬಂದರೆ ನಿಮಗೆ ಕೆಲಸ, ನಮಗೆ ರಜೆ" ಎಂದು ಆ ಹಿರಿಯರು ಹೇಳಿದರು. ನಾವು ಜೂನಿನಲ್ಲಿ ಬಿತ್ತನೆಗೆಂದು ಮುಗಿಲನ್ನು ನೋಡುವಾಗ, ಇವರು ದೋಣಿಯನ್ನು ದಡಕ್ಕೆಳೆದು ಅದೇ ಮುಗಿಲನ್ನು ನೋಡುವರು. ಒಂದೇ ಮೋಡವು ಒಬ್ಬರನ್ನು ಮನೆಯಿಂದ ಹೊರಡಿಸುವುದು, ಇನ್ನೊಬ್ಬರನ್ನು ಮನೆಯಲ್ಲಿ ಕೂರಿಸುವುದು. ದೊಡ್ಡಪ್ಪನವರಿಗೆ ಈ ಮಾತು ಮನಸ್ಸಿಗೆ ನಾಟಿತು. ಮಳೆಯ ಭಯವೆಂದರೆ ಅದು ಬಾರದಿರುವ ಭಯವೊಂದೇ ಎಂದು ತಿಳಿದಿದ್ದ ಅವರಿಗೆ, ಅದು ಬರುವ ಭಯವೂ ಉಂಟೆಂದು ಅಂದು ಗೊತ್ತಾಯಿತು.

ದೀಪಸ್ತಂಭವನ್ನು ನೋಡಲು ಸಂಜೆಯ ಹೊತ್ತು ನಿಗದಿಯಾದ ವೇಳೆಯಲ್ಲಿ ಜನರನ್ನು ಬಿಡುವರು. ನಾವು ಚೀಟಿಯನ್ನು ಕೊಂಡು ಏರತೊಡಗಿದೆವು. ಕಂಬದ ಹೊಟ್ಟೆಯೊಳಗೆ ಸುತ್ತು ಮೆಟ್ಟಿಲುಗಳು ಮೇಲಕ್ಕೆ ಹೋಗುವುವು. ಗೋಡೆಗಳು ಬಲು ದಪ್ಪ. ಹೊರಗಿನ ಅಲೆಗಳ ಮೊರೆತವು ಒಳಗೆ ದೂರದ ಗುಡುಗಿನಂತೆ ಕೇಳುವುದು. ದೊಡ್ಡವ್ವನವರು ದೇವರಗುಡ್ಡವನ್ನು ಹತ್ತುವಾಗಿನಂತೆಯೇ "ಏಳು ಕೋಟಿಗೆ ಏಳು ಕೋಟಿ" ಎನ್ನುತ್ತ, ನಡುನಡುವೆ ದಣಿವಾರಿಸಿಕೊಳ್ಳುತ್ತ, ಯಾರ ಕೈಯನ್ನೂ ಹಿಡಿಯದೆ ಮೇಲೇರಿದರು.

ಈ ಸ್ತಂಭವನ್ನು ಕಟ್ಟಿದುದು 1901ರಲ್ಲಿ. ಗೋಪುರದ ಎತ್ತರವು ಸುಮಾರು 27 ಮೀಟರು, ಎಂದರೆ 90 ಅಡಿಗಳಷ್ಟು. ಕೆಳಗಿನ ಬಂಡೆಯನ್ನೂ ಕೂಡಿಸಿದರೆ ನೀರಿನ ಮಟ್ಟದಿಂದ ಇನ್ನೂ ಎತ್ತರವಾಗುವುದು. ಎತ್ತರವು ಏಕೆ ಬೇಕೆಂಬುದನ್ನು ಮಕ್ಕಳಿಗೆ ನಾವು ಹೀಗೆ ತಿಳಿಸಿದೆವು. ಭೂಮಿಯು ಗುಂಡಗಿರುವುದರಿಂದ ದಡದಲ್ಲಿ ನಿಂತವನಿಗೆ ನಾಲ್ಕೂವರೆ ಕಿಲೋಮೀಟರಿನಾಚೆಯ ನೀರು ಕಾಣದು. ನೂರು ಅಡಿಯ ಮೇಲೆ ನಿಂತರೆ ಸುಮಾರು 20 ಕಿಲೋಮೀಟರಿನವರೆಗೆ ನೋಟವು ಹರಿಯುವುದು. ಅಲ್ಲಿಂದ ಹೊರಟ ಬೆಳಕನ್ನು, ಹಡಗಿನ ಎತ್ತರದ ಅಟ್ಟದ ಮೇಲೆ ನಿಂತ ನಾವಿಕನು ಇನ್ನೂ ಹೆಚ್ಚು ದೂರದಿಂದ ಕಾಣಬಲ್ಲನು. ದೀಪವನ್ನು ಮೇಲಿಟ್ಟಷ್ಟೂ ಅದು ಹೆಚ್ಚು ಜನರ ಪಾಲಿಗೆ ಬರುವುದು.

ಎತ್ತರವೊಂದಿದ್ದರೆ ಸಾಲದು, ಬೆಳಕು ಚದುರಬಾರದು. ಮನೆಯ ದೀಪವು ತನ್ನ ಬೆಳಕನ್ನು ಅಟ್ಟಕ್ಕೂ ನೆಲಕ್ಕೂ ಗೋಡೆಗೂ ಸಮನಾಗಿ ಹಂಚಿಬಿಡುವುದು. ಕಡಲಿನ ದೀಪಕ್ಕೆ ಈ ಔದಾರ್ಯವು ಒದಗದು. ಇದ್ದ ಬೆಳಕೆಲ್ಲವೂ ದಿಗಂತದ ಕಡೆಗೇ ಹೋಗಬೇಕು. ಫ್ರಾನ್ಸ್ ದೇಶದ ಫ್ರೆನೆಲ್ ಎಂಬ ವಿದ್ವಾಂಸನು 1820ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಭಾರಿಯಾದ ಒಂದೇ ಗಾಜಿನ ಮಸೂರಕ್ಕೆ ಬದಲಾಗಿ, ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಬಳೆಗಳಂತೆ ಒಂದರೊಳಗೊಂದು ಗಾಜಿನ ಪಟ್ಟಿಗಳನ್ನು ಜೋಡಿಸಿದರೆ, ಅವೆಲ್ಲವೂ ಸೇರಿ ಬೆಳಕನ್ನು ಬಾಗಿಸಿ ಒಂದೇ ಧಾರೆಯಾಗಿ ಮುಂದಕ್ಕಟ್ಟುವುವು. ಗಾಜಿನ ತೂಕವೂ ಕಡಿಮೆ, ಬೆಳಕಿನ ನಷ್ಟವೂ ಕಡಿಮೆ. ಜಗತ್ತಿನ ದೀಪಸ್ತಂಭಗಳೆಲ್ಲ ಆ ಮೇಲೆ ಈ ದಾರಿಯನ್ನೇ ಹಿಡಿದುವು.

ಹಿಂದಿನ ಕಾಲದ ದೀಪಸ್ತಂಭಗಳಲ್ಲಿ ಎಣ್ಣೆಯ ದೀಪಗಳು. ಕಾವಲುಗಾರನು ಎಣ್ಣೆಯನ್ನು ಹೊತ್ತು ಮೆಟ್ಟಿಲುಗಳನ್ನೇರಬೇಕು, ಬತ್ತಿಯನ್ನು ಕತ್ತರಿಸಬೇಕು, ಗಾಜಿನ ಮಸಿಯನ್ನೂ ಉಪ್ಪನ್ನೂ ದಿನವೂ ಒರೆಸಬೇಕು, ಮಸೂರವನ್ನು ತಿರುಗಿಸುವ ಗಡಿಯಾರದಂಥ ಯಂತ್ರಕ್ಕೆ ರಾತ್ರಿಯ ನಡುವೆ ಎದ್ದು ಕೀಲಿ ಕೊಡಬೇಕು. ನಮ್ಮ ಗೃಹಿಣಿಯರಿಗೆ ಈ ಕೆಲಸದ ಮರ್ಮವು ಕೂಡಲೆ ತಿಳಿದೀತು. ದಿನವೂ ಮಾಡಿದರೆ ಯಾರ ಕಣ್ಣಿಗೂ ಬೀಳದು, ಒಂದು ದಿನ ಬಿಟ್ಟರೆ ಎಲ್ಲರಿಗೂ ಕಾಣುವುದು. ಈಗ ವಿದ್ಯುತ್ತು ಬಂದು ಆ ಶ್ರಮವು ಇಳಿದಿದೆ.

ದೊಡ್ಡಪ್ಪನವರು ಅಲ್ಲಿದ್ದ ನೌಕರರನ್ನು, "ತಮ್ಮಾ, ಕರೆಂಟು ಹೋದರ ದೀಪಾ ಆರತೈತೇನು?" ಎಂದು ಕೇಳಿದರು. ನಮ್ಮ ಕಡೆಯ ಒಕ್ಕಲಿಗರಿಗೆ ಪಂಪಿನ ಚಿಂತೆ ಸಹಜವಷ್ಟೆ! "ಇಲ್ಲ ಯಜಮಾನ್ರೇ, ಅದಕ್ಕೆ ಬೇರೆ ವ್ಯವಸ್ಥೆ ಉಂಟು. ದೀಪ ಆರುವ ಹಾಗಿಲ್ಲ" ಎಂದು ಆತನು ಉತ್ತರವಿತ್ತನು. ಪ್ರತಿಯೊಂದು ದೀಪಸ್ತಂಭಕ್ಕೂ ಅದರದೇ ಆದ ಮಿನುಗಿನ ಲೆಕ್ಕವಿರುವುದೆಂದೂ, ಎಷ್ಟು ಸಲ ಹೊಳೆದು ಎಷ್ಟು ಹೊತ್ತು ಮರೆಯಾಗುವುದೆಂಬುದನ್ನು ಎಣಿಸಿ ನಾವಿಕನು 'ಇದು ಇಂಥ ಊರು' ಎಂದು ಗುರುತಿಸುವನೆಂದೂ ಆತನೇ ತಿಳಿಸಿದನು.

ನಮ್ಮ ತೀರದಲ್ಲಿ ಇಂಥ ದೀಪಗಳ ಮಾಲೆಯೇ ಇದೆ. ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ಹತ್ತೊಂಬತ್ತನೆಯ ಶತಮಾನದಷ್ಟು ಹಿಂದೆಯೇ ದೀಪವನ್ನು ಹಚ್ಚಿದರು. ಮಂಗಳೂರಿನ ಬಾವುಟಗುಡ್ಡದ ಮೇಲೆಯೂ ಹಿಂದೆ ದೀಪವಿತ್ತು. 1927ರಲ್ಲಿ ಭಾರತದ ದೀಪಸ್ತಂಭಗಳಿಗೆಲ್ಲ ಒಂದೇ ಕಾನೂನು ಆಯಿತು. 2021ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾನೂನು ಬಂದಿದೆ. ಇಂದಿನ ಹಡಗುಗಳು ಆಕಾಶದ ಉಪಗ್ರಹಗಳಿಂದ ತಮ್ಮ ಎಡೆಯನ್ನು ಅರಿತುಕೊಳ್ಳುವುವು. ಹಾಗಿದ್ದ ಮೇಲೆ ಈ ಕಂಬವೇಕೆ ಎಂದು ನಮ್ಮ ಹುಡುಗನೊಬ್ಬನು ಕೇಳಿದನು. ಇದಕ್ಕೆ ಉತ್ತರವು ಕೆಳಗಿದ್ದ ಮೀನುಗಾರ ಹಿರಿಯರಿಂದಲೇ ಆಗಲೇ ನಮಗೆ ದೊರೆತಿತ್ತು: "ಯಂತ್ರ ನೀರಾದರೆ ಹಾಳು. ಈ ದೀಪಕ್ಕೆ ನಾವು ಕಣ್ಣೊಂದು ತಂದರೆ ಸಾಕು."

ಮೇಲಿನ ಸುತ್ತುಜಗಲಿಯಿಂದ ಕಾಣುವ ನೋಟವು ನಿಜವಾಗಿಯೂ ಕಣ್ಣಿಗೆ ಹಬ್ಬ. ಪೂರ್ವಕ್ಕೆ ತೆಂಗಿನ ತಲೆಗಳ ಹಸುರು ಹಾಸು, ಉತ್ತರ ದಕ್ಷಿಣಗಳಿಗೆ ಬೆಳ್ಳಿಯ ಅಂಚಿನಂತೆ ಬಾಗಿದ ಮರಳ ದಂಡೆ, ಪಶ್ಚಿಮಕ್ಕೆ ನೀಲಿಯೊಂದೇ. ಸೂರ್ಯನು ಕೆಳಗಿಳಿದಂತೆ ನೀರಿನ ಮೇಲೆ ಹೊನ್ನಿನ ಹಾದಿಯೊಂದು ನಮ್ಮ ಕಾಲ ಬುಡದವರೆಗೂ ಬಂದಿತು. ಗಾಳಿಯ ಬಿರುಸಿಗೆ ದೊಡ್ಡಪ್ಪನವರು ರುಮಾಲನ್ನು ಒಂದು ಕೈಯಿಂದ ಹಿಡಿದುಕೊಂಡೇ ನಿಂತಿದ್ದರು. ಗಾಳಿಯು ಕಡಲಿನಿಂದ ಘಟ್ಟದ ಕಡೆಗೆ ಬೀಸುತ್ತಿತ್ತು. ಇಲ್ಲಿಂದ ನಮ್ಮ ಊರು ನೇರವಾಗಿ ಅಳೆದರೆ 200 ಕಿಲೋಮೀಟರಿಗಿಂತ ಕಡಿಮೆ. "ಇದ ಗಾಳಿ ಏನು ನಮ್ಮ ಕಡೆ ಬರೂದು?" ಎಂದು ಅವರು ಕೇಳಿದರು. ಇದು ಸಂಜೆಯ ಕಡಲಗಾಳಿ, ಮುಂಗಾರಿನ ಗಾಳಿಯು ಜೂನಿನಲ್ಲಿ ಇದೇ ದಿಕ್ಕಿನಿಂದ ಬರುವುದೆಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಳ ದೂರಿಂದ ಬರಬೇಕು ಪಾಪ. ಹಾದ್ಯಾಗ ಘಟ್ಟಾ ಬ್ಯಾರೆ ಐತಿ. ಒಮ್ಮೊಮ್ಮೆ ಬರಲಿಲ್ಲಂದ್ರ ಸಿಟ್ಟ ಮಾಡೂದು ಹ್ಯಾಂಗ?" ಎಂದರು. ಎರಡು ವರ್ಷದ ಬೆಳೆಯ ಸಾಲವನ್ನು ಹೊತ್ತ ಮನುಷ್ಯನ ಬಾಯಲ್ಲಿ ಈ ಮಾತನ್ನು ಕೇಳಿ ನಮ್ಮ ಕಣ್ಣುಗಳು ಹನಿಗೂಡಿದುವು.

ಕತ್ತಲಾಗುವ ಮುನ್ನವೇ ಎಲ್ಲರನ್ನೂ ಕೆಳಗಿಳಿಸಿದರು. ಮರಳಿನ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದೆವು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ. ಮೀನುಗಾರ ಹಿರಿಯರಿಗೂ ಕೊಟ್ಟೆವು. ಈ ಮೆಣಸು ನಿಮ್ಮೂರಿನದೋ ಎಂದು ಕೇಳಿ, ತಮ್ಮ ಮನೆಯ ಸಾರಿನ ಬಣ್ಣವೆಲ್ಲ ಅದರದೇ ಎಂದು ಅವರು ಹೇಳಿದಾಗ ದೊಡ್ಡವ್ವನವರಿಗೆ ಹಿಡಿಸಲಾರದ ಹಿಗ್ಗು. ಖಾರವು ಕಡಿಮೆ, ಬಣ್ಣವು ಹೆಚ್ಚು ಎಂಬುದೇ ಬ್ಯಾಡಗಿಯ ಹೆಸರಿಗೆ ಕಾರಣವಷ್ಟೆ. ಬಯಲಿನ ಬೆಳೆಯು ಘಟ್ಟವನ್ನಿಳಿದು ಇಲ್ಲಿನ ಒಲೆಯನ್ನು ಸೇರುವುದು. ಇಲ್ಲಿನ ಕಡಲಿನ ಆವಿಯು ಘಟ್ಟವನ್ನೇರಿ ಅಲ್ಲಿನ ಹೊಲವನ್ನು ಸೇರುವುದು.

ಅಷ್ಟರಲ್ಲಿ ಸ್ತಂಭದ ತಲೆಯಲ್ಲಿ ದೀಪವು ಹೊತ್ತಿತು. ಮಕ್ಕಳು ಬೆರಳು ಮಡಿಚಿ ಅದರ ಮಿನುಗುಗಳನ್ನು ಎಣಿಸುತ್ತ ಕುಳಿತರು. ದೊಡ್ಡವ್ವನವರು ಎದ್ದು ನಿಂತು, ಮನೆಯಲ್ಲಿ ಸಂಜೆಯ ದೀಪಕ್ಕೆ ಮುಗಿಯುವಂತೆಯೇ ಅದಕ್ಕೂ ಕೈಮುಗಿದರು.

ಹೋಗಬಯಸುವ ವಾಚಕರಿಗೆ ಎರಡು ಮಾತು. ಮಳೆಗಾಲ ಮುಗಿದ ಮೇಲೆ, ಕಾರ್ತಿಕದಿಂದ ಮಾಘದವರೆಗಿನ ದಿನಗಳು ಈ ಪ್ರವಾಸಕ್ಕೆ ಉತ್ತಮ. ಸ್ತಂಭವನ್ನೇರುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಸೂರ್ಯಾಸ್ತಕ್ಕೆ ಎರಡು ತಾಸು ಮುಂಚಿತವಾಗಿಯೇ ಅಲ್ಲಿರಬೇಕು. ಮೊಣಕಾಲು ನೋವಿನವರು ಕೆಳಗಿನ ಬಂಡೆಯಿಂದ ನೋಡಿದರೂ ನಷ್ಟವಿಲ್ಲ. ಬಂಡೆಯ ಅಂಚಿಗೆ ಮಕ್ಕಳನ್ನು ಬಿಡಬಾರದು. ಕಡಲಿನ ಪರಿಚಯವಿಲ್ಲದ ನಮ್ಮಂಥ ಬಯಲಿನವರು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಬಾರದು. ಸ್ಥಳದವರು ಬೇಡವೆಂದರೆ ಬೇಡ. ಅವರ ಮಾತನ್ನು ಮೀರಿ ಜೀವ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಪದೇ ಪದೇ ಓದುತ್ತಿರುವೆವು. ಮನೆಯಲ್ಲಿ ಕಡಲನ್ನು ಕಾಣದ ಹಿರಿಯರಿದ್ದರೆ, ಮುಂದಿನ ವರ್ಷ ನೋಡೋಣವೆನ್ನದೆ ಕರೆದೊಯ್ಯಿರಿ. ಮಳೆಗಾಗಿ ಮುಗಿಲು ನೋಡುತ್ತ ಆಯುಷ್ಯವನ್ನು ಕಳೆದವರಿಗೆ, ಆ ಮುಗಿಲಿನ ತವರುಮನೆಯನ್ನು ಒಮ್ಮೆ ತೋರಿಸುವುದು ಸಣ್ಣ ಸೇವೆಯೇನೂ ಅಲ್ಲ.